ಪೈಲ್ವಾನನ ಹಸಿರು ಮುಖ

ಬೇಸಿಗೆಯಲ್ಲಿ ನಮ್ಮ ಮಾಳಿಗೆಯ ಮೇಲೆ ಹಪ್ಪಳ, ಸಂಡಿಗೆ, ಕೆಂಪು ಮೆಣಸಿನಕಾಯಿಗಳ ಜೊತೆಗೆ ವಿಡಿಯೋ ಗೇಮಿನ ಬೋರ್ಡೂ ಒಣಗುತ್ತದೆ. ನಗಬೇಡಿ. ಬಾಗಲಕೋಟೆಯ ಬಿಸಿಲು ಯಾವುದಕ್ಕೂ ಉಪಯೋಗವಿಲ್ಲ ಎಂದು ಗೊಣಗುವವರು ಒಮ್ಮೆ ಸಾಬೂನು ಹಚ್ಚಿ ತೊಳೆದ ಬೋರ್ಡನ್ನು ಆ ಬಿಸಿಲಿಗೆ ಹಾಕಿ ನೋಡಬೇಕು. ಮಧ್ಯಾಹ್ನದೊಳಗೆ ಗರಿಗರಿ.

ಮೊದಲ ಸಲ ಹಾಕಿದಾಗ ಪಕ್ಕದ ಮಾಳಿಗೆಯಿಂದ ನೆರೆಮನೆಯಾಕೆ ಇಣುಕಿದರು.

"ಟೀಚರ್, ಅದೇನ್ರಿ ಒಣಾಕ ಹಾಕಿದ್ದು?"

"ಬೋರ್ಡ್ ರೀ. ವಿಡಿಯೋ ಗೇಮಿಂದು."

"ತೊಳದೀರಿ ಅದನ್ನ?"

"ಹೂನ್ರಿ. ಸಾಬೂನ ಹಚ್ಚಿ, ಬ್ರಶ್ ಹಾಕಿ ತಿಕ್ಕೀನಿ."

ಅಂದಿನಿಂದ ಆಕೆ ನನ್ನ ಗಂಡನನ್ನು ಕಂಡಾಗಲೆಲ್ಲ "ಆರಾಮ ಅದಾರೇನ್ರಿ ಟೀಚರ್?" ಎಂದು ಭಾಳ ಮರುಕದಿಂದ ವಿಚಾರಿಸುತ್ತಾರೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಸಾಲಿ ಬಿಟ್ಟ ಮೇಲೆ ಬೇರೆಯವರು ತೋಟ ಮಾಡುತ್ತಾರೆ, ಹೊಲಿಗೆ ಹಾಕುತ್ತಾರೆ, ಭಜನೆಗೆ ಹೋಗುತ್ತಾರೆ. ನಾನು ಕೆಟ್ಟುಹೋದ ಹಳೆಯ ಗೇಮ್ ಬೋರ್ಡುಗಳನ್ನು ಗುಜರಿಯವರಿಂದ ತಂದು ರಿಪೇರಿ ಮಾಡುತ್ತೇನೆ. ಒಂದು ಕಾಲಕ್ಕೆ ಬಸ್ ಸ್ಟ್ಯಾಂಡುಗಳ ಹಿಂದೆ ಆಳೆತ್ತರದ ಕಟ್ಟಿಗೆಯ ಪೆಟ್ಟಿಗೆ ಇರುತ್ತಿತ್ತಲ್ಲ, ನಾಣ್ಯ ಹಾಕಿದರೆ ಆಟ ಶುರುವಾಗುವಂಥದು, ಅದರ ಹೊಟ್ಟೆಯೊಳಗೆ ಇರುತ್ತಿದ್ದುದು ಈ ಬೋರ್ಡು. ಹಿಟ್ಟು ನಾದುವ ಪರಾತದಷ್ಟು ದೊಡ್ಡದು. ಅದರ ಮೇಲೆಲ್ಲ ಕಾಲು ಮಡಚಿ ಕೂತ ಜರಿಹುಳುಗಳಂತೆ ಕರಿ ಎಲೆಕ್ಟ್ರಾನಿಕ್ ಚಿಪ್ಪುಗಳು.

ರಿಪೇರಿ ಎಂದರೆ ಏನೋ ಭಾರೀ ವಿದ್ಯೆ ಎಂದುಕೊಳ್ಳಬೇಡಿ. ತೊಳೆದು ಒಣಗಿಸಿ ಕರೆಂಟು ಕೊಡುವುದು. ಒಂದೊಂದೇ ಚಿಪ್ಪಿನ ಮೇಲೆ ಬೆರಳಿಟ್ಟು, ಮಗುವಿನ ಹಣೆ ಮುಟ್ಟಿ ಜ್ವರ ನೋಡಿದ ಹಾಗೆ ನೋಡುವುದು. ಯಾವುದು ಮಿತಿಮೀರಿ ಸುಡುತ್ತದೋ ಅದರ ಮೇಲೆ ಸಂಶಯ. ಆಮೇಲೆ ಆ ಚಿಪ್ಪಿನ ಬೆನ್ನ ಮೇಲೆ ಅಂಥದೇ ಒಳ್ಳೆಯ ಚಿಪ್ಪೊಂದನ್ನು ಕೂಸುಮರಿ ಮಾಡಿ ಕೂರಿಸಿ, ಪರದೆಯ ಮೇಲೆ ಏನಾದರೂ ಬದಲಾಯಿತೇ ಎಂದು ನೋಡುವುದು. ಬದಲಾದರೆ ಕೆಳಗಿನದನ್ನು ಕಿತ್ತು ಹೊಸದನ್ನು ಬೆಸುಗೆ ಹಾಕುವುದು. ಎಷ್ಟೋ ಸಲ ನಾನು ಮುಟ್ಟಿದ ಮೇಲೆ ಬೋರ್ಡು ಮೊದಲಿಗಿಂತ ಹೆಚ್ಚು ಕೆಟ್ಟದ್ದೂ ಉಂಟು. ಇನ್ನೂ ಎಷ್ಟೋ ಸಲ ಅದು ತಾನಾಗಿಯೇ ಸರಿಹೋಗಿದೆ, ನಾನು ಏನು ಮಾಡಿದೆನೆಂದು ನನಗೇ ತಿಳಿದಿಲ್ಲ. ಅಂಥ ದಿನ ನನಗೆ ಊಟ ಸೇರುವುದಿಲ್ಲ. ಕೆಟ್ಟದ್ದು ಯಾಕೆ ಕೆಟ್ಟಿತೆಂದು ಗೊತ್ತಾಗದಿದ್ದರೆ ನಡೆಯುತ್ತದೆ. ಸರಿಯಾದದ್ದು ಯಾಕೆ ಸರಿಯಾಯಿತೆಂದು ಗೊತ್ತಾಗದಿದ್ದರೆ ಮಾತ್ರ ತಲೆ ಕೆಡುತ್ತದೆ.

"ಎಂದೋ ಸತ್ತದ್ದನ್ನ ಈಗ್ಯಾಕ ಎಬ್ಬಸ್ತಿ?" ಎಂದು ನನ್ನ ಗಂಡ ಕೇಳುತ್ತಾರೆ. ಅವರ ಬಳಿ ಒಂದು ರೇಡಿಯೋ ಇದೆ. ಮಾತಾಡದೆ ಎಷ್ಟೋ ವರ್ಷವಾದರೂ ಅದನ್ನು ಎಸೆಯಲು ಬಿಡುವುದಿಲ್ಲ. ಆ ಮಾತು ಇಲ್ಲಿ ಬೇಡ.

ಈ ಹುಚ್ಚು ಹತ್ತಿದ್ದು ನಮ್ಮ ಸಂಗಪ್ಪ ಕಾಕಾನಿಂದ. ಅಪ್ಪನ ತಮ್ಮ. ಹುನಗುಂದದ ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಶೆಡ್ಡಿನಲ್ಲಿ ಕಾಕಾನ ವಿಡಿಯೋ ಗೇಮ್ ಅಂಗಡಿ ಇತ್ತು. ಅಂಗಡಿ ಎಂದರೆ ಒಂದೇ ಪೆಟ್ಟಿಗೆ, ಒಂದು ಸ್ಟೂಲು, ಸ್ಟೂಲಿನ ಮೇಲೆ ಕಾಕಾ. ಆಟದ ಹೆಸರು ಜಪಾನಿ ಅಕ್ಷರದಲ್ಲಿ ಇದ್ದುದರಿಂದ ಅದನ್ನು ಯಾರೂ ಓದಲಿಲ್ಲ. ಅದರಲ್ಲೊಬ್ಬ ದಾಂಡಿಗ ನಡೆಯುತ್ತಿದ್ದ, ಒದೆಯುತ್ತಿದ್ದ, ಕೊನೆಗೆ ಒಂದು ಕತ್ತಲೆ ಗುಹೆಗೆ ಹೊಗುತ್ತಿದ್ದ. ಅವನಿಗೆ ಊರು ಇಟ್ಟ ಹೆಸರು ಪೈಲ್ವಾನ. ಗುಹೆಗೆ ಇಟ್ಟ ಹೆಸರು ಬದಾಮಿ. ಸಾಲಿಯ ಟ್ರಿಪ್ಪಿಗೆ ಬದಾಮಿಗೆ ಹೋಗಿ ಬಂದ ಹುಡುಗರು "ಖರೆ ಬದಾಮ್ಯಾಗ ಇಷ್ಟ ಮಜಾ ಇಲ್ಲಲೇ" ಎಂದು ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಹುಡುಗಿಯರು ಅಲ್ಲಿಗೆ ಬರುವ ಪದ್ಧತಿ ಇರಲಿಲ್ಲ. ನಾನು ರವಿವಾರ ಮುಂಜಾನೆ, ಗಿರಾಕಿ ಬರುವ ಮೊದಲು, ಕಸ ಹೊಡೆಯುವ ನೆವ ಮಾಡಿ ಹೋಗುತ್ತಿದ್ದೆ. ಕಾಕಾ ಎಣ್ಣೆ ಡಬ್ಬಿ ಬೋರಲು ಹಾಕಿ ನನ್ನನ್ನು ಅದರ ಮೇಲೆ ನಿಲ್ಲಿಸುತ್ತಿದ್ದ. ಕೈ ಪೈಲ್ವಾನನನ್ನು ಆಡಿಸುವ ಕೋಲಿಗೆ ನಿಲುಕಿದರೆ ಕಣ್ಣು ಪರದೆಗೆ ನಿಲುಕುತ್ತಿರಲಿಲ್ಲ, ಅಷ್ಟು ಗಿಡ್ಡಿ ನಾನು. ಬಾಗಿಲಿನ ಬಿಸಿಲು ಗಾಜಿನ ಮೇಲೆ ಬಿದ್ದು ಅರ್ಧ ಆಟ ಕಾಣುತ್ತಲೇ ಇರಲಿಲ್ಲ. ಆದರೂ ಆ ಕೋಲನ್ನು ಹಿಡಿದಾಗ ನನಗೆ ಆಗುತ್ತಿದ್ದ ಸಂತೋಷವನ್ನು ಮುಂದೆ ಯಾವ ನೌಕರಿಯೂ ಯಾವ ಬಂಗಾರವೂ ಕೊಡಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಕಾಕಾನಿಗೆ ಈಗ ವಯಸ್ಸಾಗಿದೆ. ಮಗ ಮಾಂತೇಶ ಹುನಗುಂದದಲ್ಲೇ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಶನಿವಾರ ಬಂತೆಂದರೆ ಕಾಕಾ ಒಬ್ಬನೇ ಬಸ್ಸು ಹತ್ತಿ ತುಳಸಿಗೇರಿ ಹನುಮಪ್ಪನ ಗುಡಿಗೆ ಹೋಗುತ್ತಾನೆ. ವಾಪಸು ಬರುವಾಗ ಬಾಗಲಕೋಟೆಯಲ್ಲಿ ಇಳಿದು ನಮ್ಮಲ್ಲಿ ಉಂಡು ಹೋಗುತ್ತಾನೆ. ಮುಂಜಾನೆ ಹೋಗುವಾಗ ಅಮೀನಗಡದಲ್ಲಿ ಬಸ್ಸು ನಿಂತಾಗ ಕೊಂಡ ಕರದಂಟು ಕೈಯಲ್ಲಿ ಇದ್ದೇ ಇರುತ್ತದೆ. ಮನುಷ್ಯನ ವಾರವಿಡೀ ಆ ಶನಿವಾರಕ್ಕಾಗಿ ಕಾಯುವುದರಲ್ಲಿ ಹೋಗುತ್ತದೆ.

ಅಂಥ ಒಂದು ಶನಿವಾರ ಕಾಕಾ ಗೋಣಿಚೀಲದಲ್ಲಿ ಸುತ್ತಿದ ಬೋರ್ಡು ತಂದ.

"ಪೈಲ್ವಾನಂದು. ಅಟ್ಟದ ಮ್ಯಾಲಿತ್ತು. ಎಬ್ಬಸ್ತಿ ಏನವಾ?"

ತೊಳೆದೆ, ಒಣಗಿಸಿದೆ, ಬೆರಳಿಟ್ಟು ನೋಡಿದೆ. ಒಂದು ಚಿಪ್ಪು ಬಾಣಲೆಯಂತೆ ಸುಡುತ್ತಿತ್ತು, ಇನ್ನೊಂದರ ಕಾಲು ಜಂಗು ಹಿಡಿದು ಮುರಿದಿತ್ತು. ಎರಡನ್ನೂ ಬದಲಿಸಿದೆ. ಹಳೆಯ ಬೋರ್ಡಿನ ಚಿತ್ರವನ್ನು ಈಗಿನ ಟಿವಿಗೆ ಕೊಡುವ ಪುಟ್ಟ ಡಬ್ಬಿಯೊಂದು ನನ್ನ ಹತ್ತಿರ ಇದೆ. ಕೆಂಪು, ಹಸಿರು, ನೀಲಿ, ಮೂರು ಬಣ್ಣಕ್ಕೆ ಮೂರು ವೈರು. ಸಿಕ್ಕಿಸಿದೆ. ಪೈಲ್ವಾನ ಎದ್ದು ನಿಂತ! ನಾನು ಮನೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ.

ಮುಂದಿನ ಶನಿವಾರ ಕಾಕಾನನ್ನು ಟಿವಿಯ ಮುಂದೆ ಕೂರಿಸಿ ಗುಂಡಿ ಒತ್ತಿದೆ. ಕಾಕಾ ಕಣ್ಣು ಕಿರಿದು ಮಾಡಿ ನೋಡಿದ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ.

"ಇದು ನಂದಲ್ಲ."

"ಕಾಕಾ, ನೀನ ತಂದಿದ್ದಲ್ಲ?"

"ಅಲ್ಲವಾ ತಂಗಿ. ನಮ್ಮ ಪೈಲ್ವಾನನ ಮಾರಿ ಹಸರಿತ್ತು. ಅಂಗಿ ಕರೇದಿತ್ತು. ಇವ ಯಾವನೋ ಕೆಂಪಂಗಿಯಾಂವ."

ಊಟಕ್ಕೂ ನಿಲ್ಲದೆ ಹೊರಟೇಹೋದ. ನನಗೆ ಅಳುವೇ ಬಂತು. ಸಿಟ್ಟೂ ಬಂತು. ಎಣ್ಣೆ ಡಬ್ಬಿಯ ಮೇಲೆ ನಿಲ್ಲಿಸಿ ಆಡಿಸಿದ ಕಾಕಾನ ಬೋರ್ಡನ್ನು ನಾನು ಬದಲಿ ಮಾಡುತ್ತೇನೆಯೇ? ಮಾಡಲು ಅಂಥದು ಇನ್ನೊಂದು ಎಲ್ಲಿ ಸಿಗಬೇಕು?

ನಾನು ಅಷ್ಟಕ್ಕೇ ಸುಮ್ಮನಿದ್ದರೆ ಚೆನ್ನಾಗಿತ್ತು. ಮಾಂತೇಶನಿಗೆ ಫೋನು ಮಾಡಿ ಹೇಳಿಬಿಟ್ಟೆ. ಅತ್ತ ಕಡೆ ಅವನ ದನಿ ಇಳಿಯಿತು.

"ಅಕ್ಕಾ, ನಾನೂ ಈಗೀಗ ನೋಡಾಕತ್ತೀನಿ. ಅಪ್ಪಾಗ ಮರುವು ಭಾಳ ಆಗೈತಿ. ಮೊನ್ನೆ ಛತ್ರಿ ಬಸ್ಸಿನ್ಯಾಗ ಬಿಟ್ಟು ಬಂದಾನ. ಈಗ ನೋಡಿದ್ರ ಮಾರಿ ಹಸರಿತ್ತು ಅಂತಾನ. ಇನ್ಮ್ಯಾಲೆ ಒಬ್ಬಾಂವನ್ನ ಎಲ್ಲೂ ಬಿಡಂಗಿಲ್ಲ. ತುಳಸಿಗೇರಿ ಬಂದ್."

ಹೀಗೆ ನನ್ನ ಒಂದು ಫೋನಿನಿಂದ ಕಾಕಾನ ಶನಿವಾರ ಹೋಯಿತು.

ಈಗ ನನ್ನ ಅವಸ್ಥೆ ಕೇಳಿ. ಕಾಕಾ ಹಸಿರು ಎಂದ ಮೇಲೆ ನನಗೂ ಹಸಿರು ಮುಖ ನೆನಪಿಗೆ ಬರತೊಡಗಿತು. ಆದರೆ ಅವನು ಹೇಳುವ ಮೊದಲು ಅದು ನೆನಪಿತ್ತೇ, ಹೇಳಿದ ಮೇಲೆ ಹುಟ್ಟಿತೇ? ಕಣ್ಣು ಮುಚ್ಚಿದರೆ ಹಸಿರು. ತೆಗೆದರೆ ಟಿವಿಯಲ್ಲಿ ನಮ್ಮ ನಿಮ್ಮಂಥದೇ ಮೈಬಣ್ಣ. ಮೊಬೈಲಿನಲ್ಲಿ ಆ ಆಟದ ಚಿತ್ರ ಹುಡುಕಿದೆ. ಅಲ್ಲಿಯೂ ಮೈಬಣ್ಣ, ಕೆಂಪು ಅಂಗಿ. ನನ್ನ ರಿಪೇರಿ ಸರಿಯಾಗಿಯೇ ಇದೆ ಎಂದಾಯಿತು. ಹಾಗಾದರೆ ಕಾಕಾನ ತಲೆ ಸರಿ ಇಲ್ಲ ಎಂದಾಗುತ್ತದೆ. ಕಾಕಾನ ತಲೆ ಸರಿ ಇದ್ದರೆ ನನ್ನ ರಿಪೇರಿ ತಪ್ಪು. ನನ್ನ ರಿಪೇರಿ ತಪ್ಪಾಗಿರಲಿ ದೇವರೇ ಎಂದು ಬೇಡಿಕೊಂಡ ಮೆಕ್ಯಾನಿಕ್ಕು ಜಗತ್ತಿನಲ್ಲಿ ನಾನೊಬ್ಬಳೇ ಇರಬೇಕು.

ಕಿತ್ತೆಸೆದ ಎರಡು ಚಿಪ್ಪುಗಳನ್ನು ಹುಡುಕಿ ಮತ್ತೆ ಹಾಕಿದೆ. ಸುಡುತ್ತಿದ್ದದ್ದನ್ನು ಹಾಕಿದರೆ ಪರದೆಯ ತುಂಬ ಹಿಟ್ಟು ಚೆಲ್ಲಿದ ಹಾಗೆ. ಕಾಲು ಮುರಿದದ್ದಕ್ಕೆ ತಂತಿ ಕಟ್ಟಿ ಹಾಕಿದರೆ ಪೈಲ್ವಾನನ ತಲೆ ಒಂದು ಕಡೆ, ಕಾಲು ಒಂದು ಕಡೆ. ಹಸಿರು ಮಾತ್ರ ಬರಲೊಲ್ಲದು. ಕೆಟ್ಟದ್ದನ್ನು ರಿಪೇರಿ ಮಾಡುವುದು ಕಷ್ಟ ಎಂದುಕೊಂಡಿದ್ದೆ. ಬೇಕಾದ ಹಾಗೆಯೇ ಕೆಡಿಸುವುದು ಅದಕ್ಕಿಂತ ಕಷ್ಟ.

"ಡಾಕ್ಟರ್ ಹತ್ರ ಕಾಕಾನ್ನ ಕರ್ಕೊಂಡು ಹೋಗೂದೋ, ನಿನ್ನೋ?" ಎಂದರು ನನ್ನ ಗಂಡ. ನಾನು ಅವರ ರೇಡಿಯೋದ ಕಡೆ ಒಮ್ಮೆ ನೋಡಿದೆ. ಅಷ್ಟಕ್ಕೇ ಎದ್ದು ಹೋದರು.

ಸಾಕ್ಷಿ ಬೇಕಿತ್ತು. ಆಗ ಅಂಗಡಿಗೆ ಬರುತ್ತಿದ್ದ ವೀರೇಶ ಎಂಬ ಹುಡುಗ ಈಗ ಇಳಕಲ್ಲಿನಲ್ಲಿ ಸೀರೆ ಅಂಗಡಿ ಇಟ್ಟಿದ್ದಾನೆಂದು ಗೊತ್ತಾಗಿ ಒಂದು ರಜೆಯ ದಿನ ಹೋದೆ. ಹುಡುಗ ಎಂದೆ, ತಲೆ ಬೋಳಾಗಿತ್ತು. ಸೀರೆ ಕೊಳ್ಳುವ ನೆವದಲ್ಲಿ ಗುಡ್ಡೆಗುಡ್ಡೆ ಬಿಚ್ಚಿಸಿ, ಮೆಲ್ಲಗೆ ಕೇಳಿದೆ.

"ಪೈಲ್ವಾನನ ಮಾರಿ ಯಾವ ಬಣ್ಣ ಇತ್ರಿ?"

"ಮಾರಿ ಯಾರ್ ನೋಡಿದ್ರಕ್ಕಾರ? ನಮ್ಮಪ್ಪ ಬಡಿಗಿ ತಗೊಂಡು ಬರ್ತಾನೇನೋ ಅಂತ ಬಾಗಲಾ ನೋಡ್ಕೋತ ಆಡಾವ ನಾ." ಬಿಚ್ಚಿದ ಸೀರೆ ಮಡಚುತ್ತ ನಕ್ಕ. "ನಿಮ್ಮ ಕಾಕಾರು ಮಾತ್ರ ನೆನಪದಾರ. ಬದಾಮ್ಯಾಗ ಹೊಕ್ಕ ಕೂಡ್ಲೆ ಸ್ಟೂಲಿನ ಮ್ಯಾಲಿಂದ ಒದರತಿದ್ರು. ಒಂದ್, ಎರಡ್, ಕುಂದ್ರು! ಹಂಗಂದ ಕೂಡ್ಲೆ ಪೈಲ್ವಾನನ್ನ ಕುಂದ್ರಸ್ತಿದ್ವಿ."

"ಯಾಕ ಕುಂದ್ರಸ್ತಿದ್ರಿ?"

"ಇಲ್ಲಾಂದ್ರ ಸಾಯತಿದ್ದ."

"ಏನ್ ಬಡದು ಸಾಯತಿದ್ದ?"

"ಯಾರಿಗ್ಗೊತ್ರಿ? ಕಾಣ್ತಿದ್ದಿಲ್ಲಲ್ಲ."

ಅವನ ಪುಣ್ಯಕ್ಕೆ ಒಂದು ಸೀರೆ ತೆಗೆದುಕೊಂಡೆ. ಇಳಕಲ್ಲಿನ ಸೀರೆಯ ಸೆರಗು ಕೆಂಪಲ್ಲದೆ ಇನ್ನೇನಿರುತ್ತದೆ? ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಕಾಣುತ್ತಿರಲಿಲ್ಲ ಎಂದನಲ್ಲ ಇವನು? ನನ್ನ ಟಿವಿಯಲ್ಲಿ ಗುಹೆಯೊಳಗೆ ಬೆಂಕಿಯ ಉಂಡೆ ಹಾರಿ ಬರುವುದು ಢಾಳಾಗಿ ಕಾಣುತ್ತದೆ. ಕುರುಡನೂ ತಪ್ಪಿಸಿಕೊಳ್ಳಬಹುದು. ಅದಕ್ಕೆ ಸ್ಟೂಲಿನ ಮೇಲೆ ಕೂತು ಒದರುವವನೊಬ್ಬ ಯಾಕೆ ಬೇಕು? ಕುಂದ್ರು ಎಂಬ ಆ ಕೂಗು ನನ್ನ ಕಿವಿಯಲ್ಲೂ ಇತ್ತು. ಅದನ್ನು ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ ನೆನಪು. ಅಮೀನಗಡದಲ್ಲಿ ಬಸ್ಸು ನಿಂತಿತು. ಕಿಟಕಿಯ ಬಿಸಿಲು ತೊಡೆಯ ಮೇಲಿನ ಸೆರಗಿಗೆ ಬಿತ್ತು. ಬೆಂಕಿಯ ಉಂಡೆ ಥೇಟ್ ಇದೇ ಕೆಂಪು. ಪೈಲ್ವಾನನ ಅಂಗಿ ಕೆಂಪು. ಮೈಬಣ್ಣದಲ್ಲೂ ಕೆಂಪೇ ಹೆಚ್ಚು, ಅದು ಬಿಟ್ಟರೆ ಹಸಿರು. ಆ ಪೆಟ್ಟಿಗೆಯಲ್ಲಿ ಕೆಂಪೇ ಇರದಿದ್ದರೆ?

ಅಯ್ಯ ನನ್ನ ಬುದ್ಧಿಗಿಷ್ಟು! ಬೆಳಕಿನ ಬಣ್ಣಗಳ ಪಾಠವನ್ನು ವರ್ಷವರ್ಷ ಮಕ್ಕಳಿಗೆ ಒದರುವವಳು ನಾನು.

ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಬೋರ್ಡಿಗೆ ಕರೆಂಟು ಕೊಟ್ಟು ಕೆಂಪು ವೈರನ್ನು ಹಿರಿದೆ. ಪೈಲ್ವಾನನ ಮುಖ ಹಸಿರಾಯಿತು. ಅಂಗಿ ಕಪ್ಪಾಯಿತು. ಗುಹೆಗೆ ಹೊಕ್ಕರೆ ಬೆಂಕಿ ಮಾಯ. ನಿಂತಲ್ಲೇ ಸತ್ತ, ಯಾತರಿಂದ ಸತ್ತನೆಂದು ಕಾಣಲೇ ಇಲ್ಲ.

ಮರುದಿನವೇ ಬೋರ್ಡು, ಡಬ್ಬಿ, ಕೋಲು ಎಲ್ಲವನ್ನೂ ಚೀಲದಲ್ಲಿ ತುಂಬಿಕೊಂಡು ಹುನಗುಂದಕ್ಕೆ ಹೋದೆ. ಕಾಕಾ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಬೋರ್ಡು ತೆಗೆದಾಗ ಕೈ ಅಡ್ಡ ಮಾಡಿದ.

"ಬಿಡವಾ. ಹಸರ ಇದ್ದಿದ್ದಿಲ್ಲೇನೋ. ಎಲ್ಲಾರೂ ಇಲ್ಲ ಅಂದ್ರ ಇದ್ದಿದ್ದಿಲ್ಲ. ನಂಗಽ ಏನೋ ಆಗಿರಬೇಕು."

ಇದ್ದುದಕ್ಕಿಂತ ಹತ್ತು ವರ್ಷ ಹೆಚ್ಚು ಮುದುಕನಾಗಿದ್ದ. ಮಾಂತೇಶನ ಟಿವಿಗೆ ಡಬ್ಬಿ ಸಿಕ್ಕಿಸಿ, ಕೆಂಪು ವೈರು ಬಿಟ್ಟು ಉಳಿದೆರಡನ್ನೇ ಕೊಟ್ಟೆ.

ಕಾಕಾ ಗೋಡೆ ಬಿಟ್ಟು ಮುಂದೆ ಬಾಗಿದ.

"ಲೇ ಪೈಲ್ವಾನ!"

ಕಾಕಾ ಕೋಲು ಹಿಡಿದ. ಬೆರಳುಗಳು ಗುಂಡಿಗಳನ್ನು ತಾವೇ ಹುಡುಕಿಕೊಂಡವು. ಒದ್ದ, ಹಾರಿದ, ಗುಹೆಗೆ ಹೊಕ್ಕ. ಪರದೆಯ ಮೇಲೆ ಕಗ್ಗತ್ತಲೆ, ಅದರೊಳಗೆ ಹಸಿರು ಮುಖ ಒಂದೇ. "ಒಂದ್, ಎರಡ್, ಕುಂದ್ರು," ಎಂದು ತನಗೆ ತಾನೇ ಹೇಳಿಕೊಂಡು ಪೈಲ್ವಾನನನ್ನು ಕೂರಿಸಿದ. ಎಬ್ಬಿಸಿದ. ಮತ್ತೆ ಕೂರಿಸಿದ.

"ಯಾತಕ್ಕ ಕುಂದ್ರಸ್ತಾನ? ಅಲ್ಲೇನೂ ಇಲ್ಲಲ್ಲ?" ಎಂದ ಮಾಂತೇಶ, ಗಾಬರಿಯಾಗಿ ನನ್ನ ಕಡೆ ನೋಡಿ. ಅಪ್ಪನ ತಲೆ ಪೂರಾ ಹೋಯಿತೆಂದೇ ಅವನ ಲೆಕ್ಕ.

ನಾನು ಕೆಂಪು ವೈರನ್ನು ಅದರ ಜಾಗಕ್ಕೆ ಮುಟ್ಟಿಸಿದೆ. ಅದೇ ಹೊತ್ತಿಗೆ ಕೂತ ಪೈಲ್ವಾನನ ತಲೆಯ ಮೇಲಿಂದ, ಕೂದಲೆಳೆ ಅಂತರದಲ್ಲಿ, ಬೆಂಕಿಯ ದೊಡ್ಡ ಉಂಡೆಯೊಂದು ಭರ್ರೆಂದು ಹಾದುಹೋಯಿತು.

"ಅವ್ವನೌನ," ಎಂದ ಮಾಂತೇಶ. ಅಪ್ಪನ ಎದುರಿಗೆ ಅವನು ಹಾಗೆ ಬೈದದ್ದು ನಾನು ಕೇಳಿದ್ದು ಅದೇ ಮೊದಲು.

ಉಳಿದದ್ದು ಒಂದೇ ಪ್ರಶ್ನೆ. ಕಾಕಾನ ಪೆಟ್ಟಿಗೆಯಲ್ಲಿ ಕೆಂಪು ಎಲ್ಲಿ ಹೋಗಿತ್ತು? ಪೆಟ್ಟಿಗೆ ಹಿತ್ತಲ ಕೋಣೆಯಲ್ಲೇ ಇತ್ತು. ಅದರೊಳಗೆ ಚಿಗವ್ವ, ಅಂದರೆ ಕಾಕಾನ ಹೆಂಡತಿ, ಉಳ್ಳಾಗಡ್ಡಿ ತುಂಬಿಟ್ಟಿದ್ದಳು. ಉಳ್ಳಾಗಡ್ಡಿ ಸರಿಸಿ ಮೊಬೈಲಿನ ಬೆಳಕು ಬಿಟ್ಟೆವು. ವೈರುಗಳ ಗೊಂಚಲು ಹಾಗೆಯೇ ನೇತಾಡುತ್ತಿತ್ತು. ಹಸಿರು, ನೀಲಿ ಎರಡೂ ತಮ್ಮ ಜಾಗದಲ್ಲಿದ್ದವು. ಕೆಂಪನ್ನು ಮಾತ್ರ ಯಾರೋ ಬಿಚ್ಚಿ, ಮಡಚಿ, ಅದರ ತುದಿಗೆ ಬಟ್ಟೆಯ ಚೂರು ಒತ್ತೊತ್ತಾಗಿ ಸುತ್ತಿ ದಾರ ಬಿಗಿದಿದ್ದರು. ಚಿಗವ್ವ ಆ ಚೂರನ್ನು ಬೆರಳಲ್ಲಿ ತಿಕ್ಕಿ ನೋಡಿದಳು. ಮುಖ ಕೆಂಪೇರಿತು.

"ಇದು ನನ್ನ ಮದವಿ ಸೀರಿ ಸೆರಗು! ಇಲಿ ಕಡದೈತಿ ಅಂತ ಹೇಳಿದ್ರಲ್ಲ ನನಗ? ಇಲಿ ನೀವ ಏನ್ರಿ?"

"ನಾನಾ?" ಎಂದ ಕಾಕಾ. ವೈರನ್ನು ಹಿಂದೆ ಮುಂದೆ ಮಾಡಿ ನೋಡಿದ. "ನಾ ಯಾಕ ಇದನ್ನ ಬಿಚ್ಚಲಿ? ನೆನಪಿಲ್ಲವಾ. ಖರೇನ ನೆನಪಿಲ್ಲ."

ಮಾಂತೇಶ ನನ್ನ ಕಡೆ ನೋಡಿದ. ಅವನ ನೋಟ ನನಗೆ ತಿಳಿಯಿತು. ಹಸಿರು ನೆನಪಿದೆ, ಹಸಿರು ಮಾಡಿದ್ದು ನೆನಪಿಲ್ಲ. ಇದನ್ನು ಮರೆವು ಎನ್ನಬೇಕೋ ನೆನಪು ಎನ್ನಬೇಕೋ? ನನಗೆ ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಆದರೆ ತಿಳಿದವಳ ಹಾಗೆ ದಬಾಯಿಸಿದೆ.

"ಏನ್ ನೋಡ್ತಿ? ಬೈಕಿನ ಕೀಲಿ ಎಲ್ಲಿಟ್ಟಿ ಅಂತ ದಿನಾ ಮುಂಜಾನೆ ಮನಿ ತುಂಬ ಹುಡುಕ್ತೀಯಲ್ಲ, ನಿನ್ನನ್ನ ಯಾರರೆ ಮನ್ಯಾಗ ಕಟ್ಟಿ ಹಾಕ್ಯಾರನು?"

ಆ ಶನಿವಾರ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಕಾಕಾ. ಒಬ್ಬನೇ. ಹಣೆಯ ಮೇಲೆ ಹನುಮಪ್ಪನ ಸಿಂಧೂರ, ಕೈಯಲ್ಲಿ ಕರದಂಟು, ಛತ್ರಿ ಮತ್ತೆ ಬಸ್ಸಿನಲ್ಲಿ. ಹೋದದ್ದು ಹೋಗಲಿ, ಛತ್ರಿ ತಾನೇ.

ಉಂಡ ಮೇಲೆ ಆಡಲು ಕೂತ. ನಾನು ಹುಮ್ಮಸ್ಸಿನಲ್ಲಿ ಮೂರೂ ಬಣ್ಣದ ವೈರು ಕೊಟ್ಟಿದ್ದೆ. ಪರದೆ ಝಗಮಗ. ಕಾಕಾ ಗುಹೆಗೆ ಹೊಕ್ಕ, ಬೆಂಕಿಯ ಉಂಡೆ ಬಂತು, ಕಾಕಾ ಅದನ್ನೇ ನೋಡುತ್ತ ಕೂತ, ಪೈಲ್ವಾನ ಸತ್ತ. ಮತ್ತೆ ಆಡಿದ, ಮತ್ತೆ ಸತ್ತ.

"ಆ ಕೆಂಪ ವೈರ್ ಬಿಚ್ಚವಾ," ಎಂದ. "ಕಂಡ್ರ ಕೈ ಅಂಜತಾವ."

ಬಿಚ್ಚಿದೆ. ಮುಖ ಹಸಿರಾಯಿತು, ಕಾಕಾನ ಮುಖ ಅರಳಿತು. ಮತ್ತೆ ಕತ್ತಲೆಗೆ ಹೊಕ್ಕ. ಪರದೆಯಿಂದ ಕಣ್ಣು ಕೀಳದೆಯೇ ಎಡಗೈ ಚಾಚಿ, ನನ್ನ ಕೈಯಲ್ಲಿ ನೇತಾಡುತ್ತಿದ್ದ ವೈರಿನ ಕಡೆ ತೋರಿಸಿದ.

"ತುದಿಗೆ ಅರಬಿ ಚೂರು ಸುತ್ತು. ಕೆಂಪ ವೈರ್ ಅಂದ್ರ ಕರೆಂಟ್ ಅದು. ಮಕ್ಕಳು ಡಬ್ಬಿ ಮ್ಯಾಲೆ ನಿಂತು ಕೈ ಹಾಕ್ತಾವು."

ಆ ವೈರಿನಲ್ಲಿ ಇರುವೆಗೂ ತಗಲುವಷ್ಟು ಕರೆಂಟಿಲ್ಲ. ಅದು ಬರೀ ಬಣ್ಣದ ವೈರು. ಹೇಳಲು ಬಾಯಿ ತೆರೆದೆ. ಮನೆಯಲ್ಲಿ ಮಕ್ಕಳು ಯಾರೂ ಇರಲಿಲ್ಲ. ಅವನ ಅಂಗಡಿಯಲ್ಲೂ ಎಣ್ಣೆ ಡಬ್ಬಿಯ ಮೇಲೆ ನಿಲ್ಲುತ್ತಿದ್ದವಳು ನಾನೊಬ್ಬಳೇ.

ಒಳಗೆ ಹೋಗಿ ಹಳೆಯ ಸೀರೆಯೊಂದರ ಸೆರಗು ಹರಿದು ತಂದು, ಒತ್ತೊತ್ತಾಗಿ ಸುತ್ತಿದೆ.